ಬ್ರಿಟಿಷರು ಕಟ್ಟಿದ್ದಲ್ಲ ಸ್ವಾಮಿ

"ನೋಡಿ ಸ್ವಾಮಿ, ಬ್ರಿಟಿಷರು ಕಟ್ಟಿದ್ದು. ನೂರಾ ಅರವತ್ತು ವರ್ಷ ಆಯ್ತು, ಒಂದು ಕಲ್ಲು ಅಲ್ಲಾಡಿಲ್ಲ. ನಮ್ಮವರು ಕಟ್ಟಿದ್ರೆ ಮುಂದಿನ ಮಳೆಗಾಲಕ್ಕೆ ಇರ್ತಿರಲಿಲ್ಲ."

ಹೀಗಂದವರು ನಮ್ಮ ರಾಯರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಡೊಂಬಿವಲಿಯ ನಮ್ಮ ಕನ್ನಡ ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ಮೇಲಾಗಿ ನಮ್ಮ ಸೊಸೈಟಿಯಲ್ಲೇ ಮೂರನೇ ಮಹಡಿಯವರು. ಕೈಯಲ್ಲಿದ್ದ ಕೋಲಿನಿಂದ ಆ ಕರಿಕಲ್ಲಿನ ಗೋಡೆಯನ್ನು ಟಕ್ ಟಕ್ ಅಂತ ತಟ್ಟಿ ತೋರಿಸಿ ಈ ಮಾತು ಹೇಳಿದರು. ಜೊತೆಗಿದ್ದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಅದೇ ನೋಡಿ ನನಗೆ ಈಗಲೂ ಚುಚ್ಚುತ್ತಿರೋದು. ಗೊತ್ತಿದ್ದೂ ಗೊತ್ತಿದ್ದೂ ತಲೆಯಾಡಿಸಿದೆ. ಘಟ್ಟದಲ್ಲಿ ನಿಂತು ಹಿರಿಯರ ಜೊತೆ ವಾದ ಯಾಕೆ, ತಂದ ಚಪಾತಿ-ಪಲ್ಯದ ರುಚಿ ಕೆಡಿಸೋದು ಯಾಕೆ ಅಂತ ಸುಮ್ಮನಾದೆ. ಅಲ್ಲಿ ನುಂಗಿದ್ದನ್ನು ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ಎಲ್ಲಿ ಅಂತ ಹೇಳಲೇ ಇಲ್ಲ ಅಲ್ಲವೇ? ಬೋರ್ ಘಾಟ್. ಮುಂಬೈ-ಪುಣೆ ನಡುವಿನ ಘಟ್ಟ. ನಮ್ಮ ಬಳಗದವರು ವರ್ಷಕ್ಕೊಮ್ಮೆ ಮಳೆ ನಿಂತ ಮೇಲೆ ಎಲ್ಲಿಗಾದರೂ ಒಂದು ದಿನದ ನಡಿಗೆ ಇಟ್ಟುಕೊಳ್ಳುತ್ತೇವೆ. ಈ ಸಲ ಖಂಡಾಲಾದಲ್ಲಿ ಇಳಿದು ಘಟ್ಟದ ಹಳೆ ರೈಲಿನ ಅವಶೇಷ ನೋಡಿಕೊಂಡು ಕೆಳಗೆ ಖೋಪೋಲಿಗೆ ಇಳಿಯೋದು, ಅಲ್ಲಿಂದ ಲೋಕಲ್ ಹಿಡಿದು ಮನೆ ಸೇರೋದು ಅಂತ ತೀರ್ಮಾನವಾಗಿತ್ತು. ಎಕ್ಸ್‌ಪ್ರೆಸ್‌ವೇ ಮೇಲೆ ನಡೆಯುವಂತಿಲ್ಲ, ಹಳಿಗಳ ಮೇಲೂ ನಡೆಯುವಂತಿಲ್ಲ. (ಹಳಿ ಮೇಲೆ ಟ್ರೆಕ್ ಮಾಡಿ ವಿಡಿಯೋ ಹಾಕುವ ಹುಡುಗರಿಗೆ ನನ್ನದೊಂದು ನಮಸ್ಕಾರ. ನಿಮ್ಮ ತಂದೆತಾಯಿಗೆ ನಿಮ್ಮ ಮೇಲೆ ಆಸೆ ಇದೆ ಕಣ್ರಪ್ಪ.) ಊರಿನವರು ಓಡಾಡುವ ಕಾಲುದಾರಿ, ಹಳೆ ರಸ್ತೆಯ ತುಂಡುಗಳು, ಅಷ್ಟೇ ನಮ್ಮ ಹಾದಿ. ಬಂಡೆಗಳ ಮೇಲೆಲ್ಲ ಹಳದಿ ಸೋನ್ಕಿ ಹೂ. ಮೋಡ ಕೈಗೆ ಸಿಗುವಷ್ಟು ಕೆಳಗೆ.

ಮುಂಬೈಗೆ ಬಂದ ಉತ್ತರ ಕರ್ನಾಟಕದ ಯಾರನ್ನೇ ಕೇಳಿ, ಈ ಘಟ್ಟ ಇಳಿದೇ ಬಂದವರು. ನಾನು 1984ರಲ್ಲಿ ಗುಲ್ಬರ್ಗಾದಲ್ಲಿ ರೈಲು ಹತ್ತಿದವನು (ಆಗಿನ್ನೂ ಕಲಬುರಗಿ ಆಗಿರಲಿಲ್ಲ). ಜನರಲ್ ಡಬ್ಬಿ, ಬಾಗಿಲ ಬಳಿ ಟ್ರಂಕಿನ ಮೇಲೆ ಕೂತಿದ್ದೆ. ಲೋಣಾವಳಾ ದಾಟಿದ ಮೇಲೆ ಗಾಡಿ ತಡೆತಡೆದು ಇಳಿಯತೊಡಗಿತು. ಬ್ರೇಕ್ ನೋಡಿಕೊಳ್ಳಲು ನಡುನಡುವೆ ನಿಲ್ಲುತ್ತಿತ್ತು. ಹಾಗೆ ನಿಂತಾಗ ಎದುರಿನ ಗುಡ್ಡದ ಮೈಮೇಲೆ ಹಳೆ ಗೋಡೆ, ಕಮಾನು, ಎಲ್ಲಿಗೂ ಹೋಗದ ಒಂದು ಸುರಂಗದ ಬಾಯಿ ಕಂಡಿತು. ಪಕ್ಕದಲ್ಲಿದ್ದ ಅಜ್ಜ ಒಬ್ಬರು, "ಅದು ಹಳಿ ಲೈನ್ ಇತ್ತಪಾ, ಬಾಳ ಮಂದಿ ಸತ್ತಾರ ಅದ್ರಾಗ" ಅಂದರು. ಅಷ್ಟರಲ್ಲಿ ಗಾಡಿ ಹೊರಟಿತು. ಮುಂದೆ ಕರ್ಜತ್ತಿನ ವಡಾಪಾವ್ ಬಂತು, ಅದರ ಮುಂದೆ ಮುಂಬೈ ಬಂತು, ನಾಲ್ಕು ದಶಕ ಹೋಯಿತು. ಆ ಗೋಡೆಯ ಹತ್ತಿರ ಹೋಗಿ ಮುಟ್ಟಿದ್ದು ಈ ವರ್ಷ.

ಅದೇನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತಲ್ಲ, ಅದರ ಕಂಪನಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಅವರು 1856ರಲ್ಲಿ ಘಟ್ಟದ ಬುಡದ ಖೋಪೋಲಿ ಮುಟ್ಟಿದರು. ಘಟ್ಟದ ಮೇಲೆ ಖಂಡಾಲಾದಿಂದ ಪುಣೆಗೂ 1858ರಲ್ಲಿ ಗಾಡಿ ಓಡಿಸಿದರು. ನಡುವಿನ ಘಟ್ಟ ಬಾಕಿ. ಐದು ವರ್ಷ ಪ್ರಯಾಣಿಕರು ಕೆಳಗೆ ಇಳಿದು, ಪಲ್ಲಕ್ಕಿಯಲ್ಲೋ ಕುದುರೆ ಮೇಲೋ ಎತ್ತಿನಗಾಡಿಯಲ್ಲೋ ಘಟ್ಟ ಹತ್ತಿ, ಮೇಲೆ ಇನ್ನೊಂದು ರೈಲು ಹಿಡಿಯಬೇಕಿತ್ತು. ನಾವು ಅವತ್ತು ನಡೆದದ್ದು ಅದೇ ನಡುವಿನ ತುಂಡು, ಮೇಲಿಂದ ಕೆಳಕ್ಕೆ.

ಆ ತುಂಡಿಗೆ ರೈಲು ಹಾಕಿದ್ದು 1856ರಿಂದ 1863ರವರೆಗೆ. ಸುಮಾರು 25 ಕಿಲೋಮೀಟರ್ ಉದ್ದ, 558 ಮೀಟರ್ ಏರು, 25 ಸುರಂಗ, ಎಂಟು ದೊಡ್ಡ ಕಮಾನು ಸೇತುವೆ. ಎಲ್ಲಕ್ಕಿಂತ ಕಡಿದಾದ ಜಾಗದಲ್ಲಿ 37 ಅಡಿ ಹೋದರೆ ಒಂದು ಅಡಿ ಏರು. ರೈಲಿಗೆ ಅದು ಗೋಡೆ ಹತ್ತಿದ ಹಾಗೆ. ಒಂದು ಕಡೆಯಂತೂ ಗುಡ್ಡದ ಏಣು ಎಷ್ಟು ಕಿರಿದೆಂದರೆ ಗಾಡಿ ತಿರುಗಲು ಜಾಗವೇ ಇಲ್ಲ. ಅದಕ್ಕೆ ಅಲ್ಲೊಂದು ರಿವರ್ಸಿಂಗ್ ಸ್ಟೇಷನ್ ಮಾಡಿದರು. ಗಾಡಿ ಹೋಗಿ ಏಣಿನ ತುದಿಯಲ್ಲಿ ನಿಲ್ಲೋದು, ಎಂಜಿನ್ ಕಳಚಿ ಹಿಂದಿನ ತುದಿಗೆ ಜೋಡಿಸೋದು, ಬಾಲವೇ ತಲೆಯಾಗಿ ಮತ್ತೆ ಹೊರಡೋದು. 1929ರಲ್ಲಿ ಹೊಸ ದಾರಿ ಕೊರೆದು ವಿದ್ಯುತ್ ಎಂಜಿನ್ ತಂದಾಗ ಇದನ್ನು ಕೈಬಿಟ್ಟರು. ಮರುವರ್ಷ ಡೆಕ್ಕನ್ ಕ್ವೀನ್ ಹೊಸ ದಾರಿಯಲ್ಲಿ ಓಡತೊಡಗಿತು. ಹಳೆಯದು ಹುಲ್ಲು, ಬಾವಲಿ, ಪಾಚಿಯ ಪಾಲಾಯಿತು.

ಗೋಡೆಯ ಕಲ್ಲು ನೋಡಿದೆ. ಕಲ್ಲು ನೋಡೋದು ನನಗೆ ಹುಟ್ಟಿನಿಂದ ಬಂದದ್ದು. ನಮ್ಮೂರು ಶಹಾಬಾದ್. ಮುಂಬೈಯ ಹಳೆ ಚಾಳುಗಳ ನೆಲಕ್ಕೆ, ಅಡಿಗೆಮನೆ ಕಟ್ಟೆಗೆ ಹಾಕಿರುವ ಬೂದು ಹಾಸುಗಲ್ಲಿಗೆ ಮರಾಠಿಯವರು 'ಶಹಾಬಾದಿ' ಅಂತಲೇ ಕರೆಯುತ್ತಾರೆ. ಊರ ಹೆಸರು ಕಲ್ಲಿಗೆ ಬಂದಿದೆ. ಕಲ್ಲು ಎಬ್ಬಿಸಿದವರ ಹೆಸರು ಯಾವ ಹಾಸಿಗೂ ಬಂದಿಲ್ಲ, ಆ ಮಾತು ಬೇರೆ. ನನ್ನಪ್ಪ ಆ ಖಣಿಯಲ್ಲಿ ದುಡಿದವನು. ನಮ್ಮ ಫರಸಿ ಪದರು ಪದರಾಗಿ ಏಳುವ ಸಾಧು ಕಲ್ಲು. ಘಟ್ಟದ ಈ ಕರಿಕಲ್ಲು ಹಾಗಲ್ಲ, ಉಳಿಗೂ ಜಗ್ಗದ ಜಾತಿ. ಗೋಡೆಯ ಒಂದೊಂದು ಕಲ್ಲಿನ ಮೇಲೂ ಉಳಿಯ ಗುರುತು ಈಗಲೂ ಸಾಲುಸಾಲಾಗಿ ಇದೆ. ಒಬ್ಬನದು ಎಡಕ್ಕೆ ವಾಲಿದೆ, ಇನ್ನೊಬ್ಬನದು ನೆಟ್ಟಗೆ, ಮತ್ತೊಬ್ಬನದು ಒತ್ತೊತ್ತಾಗಿ. ಅಂದರೆ ಇಬ್ಬರು ಮೂವರ ಕೈ. ಬೆರಳಿಟ್ಟರೆ ಗೊತ್ತಾಗುತ್ತೆ. ರಾಯರ ಕೋಲು ತಟ್ಟಿದ್ದು ಇದೇ ಕಲ್ಲಿಗೆ. "ಬ್ರಿಟಿಷರು ಕಟ್ಟಿದ್ದು!"

ಸ್ವಾಮಿ, 1861ರ ಜನವರಿಯಲ್ಲಿ ಈ ಘಟ್ಟದಲ್ಲಿ ಕೆಲಸ ಮಾಡುತ್ತಿದ್ದವರು 42,000 ಜನ. ನಲವತ್ತೆರಡು ಸಾವಿರ. ಅವರಲ್ಲಿ ಬ್ರಿಟಿಷರು ಬೆರಳೆಣಿಕೆ. ಉಳಿದವರು ದಖ್ಖನ್ನಿನವರು, ಕೊಂಕಣದವರು, ಗಂಡಸರು, ಹೆಂಗಸರು, ಮಕ್ಕಳು. ಕಲ್ಲು-ಮಣ್ಣಿನ ಕೆಲಸಕ್ಕೆ ಊರೂರು ತಿರುಗುತ್ತಿದ್ದ ಒಡ್ಡರು ಸಂಸಾರ ಸಮೇತ ಬರುತ್ತಿದ್ದರು. ಗಂಡ ಅಗೆದರೆ ಹೆಂಡತಿ ಮಕ್ಕಳು ಬುಟ್ಟಿ ಹೊರೋದು. ಮಳೆಗಾಲದಲ್ಲಿ ಕೆಲಸ ನಿಲ್ಲುತ್ತಿತ್ತು, ಊರಿಗೆ ಹೋಗುತ್ತಿದ್ದರು, ಮಳೆ ನಿಂತ ಮೇಲೆ ಮತ್ತೆ ಬರುತ್ತಿದ್ದರು, ಬದುಕಿದ್ದರೆ. ಆಗಿನ್ನೂ ಡೈನಮೈಟ್ ಇರಲಿಲ್ಲ. ನೊಬೆಲ್ ಅದಕ್ಕೆ ಪೇಟೆಂಟ್ ಪಡೆದದ್ದು 1867ರಲ್ಲಿ, ಈ ಕೆಲಸ ಮುಗಿದು ನಾಲ್ಕು ವರ್ಷದ ಮೇಲೆ. ಬರೀ ಕರಿಮದ್ದು, ಉಳಿ, ಸುತ್ತಿಗೆ. ಕಾಲಿಡಲು ಜಾಗವಿಲ್ಲದ ಬಂಡೆಗಳಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿಂದ ಇಳಿಬಿಟ್ಟು ತೂತು ಕೊರೆಸುತ್ತಿದ್ದರು. ನಾವು ಆ ಅಂಚಿಗೆ ಹೋಗಿ ಬಗ್ಗಿ ನೋಡಿದೆವು, ತಲೆ ತಿರುಗಿತು. ನಮ್ಮ ಶೆಟ್ರು ಅಂಚಿಗೆ ಬರಲೇ ಇಲ್ಲ, ಚೀಲ ಕಾಯ್ತೀನಿ ಅಂತ ಹಿಂದೆಯೇ ಕೂತರು.

ಎಷ್ಟು ಜನ ಸತ್ತರು? ಪುಸ್ತಕಗಳಲ್ಲಿ 24-25 ಸಾವಿರ ಅನ್ನುವ ಅಂದಾಜು ಓಡಾಡುತ್ತದೆ. ಅಂದಾಜು! ಬಳಸಿದ ಕಲ್ಲು, ತೆಗೆದ ಮಣ್ಣು, ಸುಟ್ಟ ಮದ್ದು, ಇವೆಲ್ಲಕ್ಕೂ ಕಂಪನಿ ಕೊನೆಯ ಘನಗಜದವರೆಗೆ ಲೆಕ್ಕ ಇಟ್ಟಿತು. ಮನುಷ್ಯರದು ಅಂದಾಜು. ಸ್ಫೋಟ, ಬಂಡೆ ಜಾರಿದ್ದು ಒಂದು ಕಡೆಯಾದರೆ ಕಾಲರಾ, ಭೇದಿ, ಜ್ವರ ಇನ್ನೊಂದು ಕಡೆ. ಕೂಲಿಯಾದರೂ ಸರಿಯಾಗಿ ಸಿಗುತ್ತಿತ್ತೇ ಅಂದರೆ ಅದೂ ಇಲ್ಲ. 1859ರ ಜನವರಿಯಲ್ಲಿ ಬಾಕಿ ಕೂಲಿಗಾಗಿ ಕೆಲಸಗಾರರು ತಿರುಗಿಬಿದ್ದು ದೊಡ್ಡ ಗಲಭೆಯಾಯಿತು. ಗುತ್ತಿಗೆದಾರ ಫೇವಿಯಲ್ ಅನ್ನುವವನು ಆ ವರ್ಷವೇ ಕೈಚೆಲ್ಲಿ ಹೊರಟುಹೋದ.

ಆಮೇಲಿನ ಕತೆ ಟ್ರೆಕ್ಕಿನ ಹುಡುಗರೆಲ್ಲರಿಗೂ ಬಾಯಿಪಾಠ. ಹೊಸ ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ ಬಂದ, ಬಂದ ಕೆಲವೇ ವಾರಗಳಲ್ಲಿ ಕಾಯಿಲೆಯಿಂದ ಸತ್ತ, ಅವನ ಹೆಂಡತಿ ಆಲಿಸ್ ಎದೆಗುಂದದೆ ಗುತ್ತಿಗೆ ಮುಂದುವರಿಸಿದಳು. ಒಳ್ಳೆಯ ಕತೆಯೇ. ಆ ಹೆಣ್ಣುಮಗಳ ಬಗ್ಗೆ ನನಗೆ ಗೌರವವೂ ಇದೆ. ಆದರೆ ಅವಳ ಗಂಡನ ಸಾವಿಗೆ ತಾರೀಕಿದೆ, ಊರಿದೆ, ಕಾಯಿಲೆಯ ಹೆಸರಿದೆ. ಚೀಫ್ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಉದ್ಘಾಟನೆಗೆ ಮುಂಚೆಯೇ 1862ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ, ಅದಕ್ಕೂ ತಾರೀಕಿದೆ. 1863ರ ಏಪ್ರಿಲ್‌ನಲ್ಲಿ ಗವರ್ನರ್ ಬಾರ್ಟಲ್ ಫ್ರೀರ್ ಬಂದು ಉದ್ಘಾಟಿಸಿದ, ಅದಕ್ಕೂ ಇದೆ. ಅದೇ ಗುಡ್ಡದಲ್ಲಿ ಗಂಡನನ್ನು ಕಳೆದುಕೊಂಡು, ಮರುದಿನ ಬುಟ್ಟಿ ಹೊತ್ತ ಸಾವಿರಾರು ಹೆಂಗಸರೂ ಎದೆಗುಂದದೆ ಕೆಲಸ ಮುಂದುವರಿಸಿದವರೇ ತಾನೇ? ಅವರ ಮೇಲೆ ಯಾವ ಹುಡುಗನೂ ವಿಡಿಯೋ ಮಾಡುವುದಿಲ್ಲ. ಮಾಡೋಣ ಅಂದರೂ ಹೆಸರೆಲ್ಲಿದೆ?

ಇಡೀ ಘಟ್ಟದಲ್ಲಿ ಸ್ಥಳೀಯನೊಬ್ಬನ ಹೆಸರು ಹೊತ್ತು ನಿಂತಿರೋದು ನಾನು ಕಂಡಂತೆ ಒಂದೇ, ಹಳೆ ಹೆದ್ದಾರಿಯ ಮಗ್ಗುಲಿನ ಶಿಂಗ್ರೋಬಾ ಗುಡಿ. ಶಿಂಗ್ರೋಬಾ ಧನಗರ, ಅಂದರೆ ನಮ್ಮ ಕಡೆ ಕುರುಬರಿದ್ದ ಹಾಗೆ ಕುರಿ ಕಾಯುವವನು. ಘಟ್ಟದಲ್ಲಿ ದಾರಿ ಎಲ್ಲಿ ಅಂತ ಎಂಜಿನಿಯರುಗಳು ತಡಕಾಡುತ್ತಿದ್ದಾಗ ಇವನು ಕುರಿ ಹೋಗುವ ಜಾಡು ತೋರಿಸಿದನಂತೆ. ಏನು ಬೇಕು ಕೇಳು ಅಂದರೆ, ನಮ್ಮ ನೆಲ ನಮಗೆ ಬಿಡಿ ಅಂದನಂತೆ. ಗುಂಡು ಹೊಡೆದರಂತೆ. ಇದು ಜನ ಹೇಳುವ ಕತೆ, ಕಾಗದದ ಇತಿಹಾಸವಲ್ಲ, ಒಪ್ಪಿದೆ. ಆದರೆ ಲಾರಿ ಡ್ರೈವರುಗಳು ಇವತ್ತಿಗೂ ಅಲ್ಲಿ ನಾಣ್ಯ ಎಸೆದು ಕೈಮುಗಿದು ಹೋಗುತ್ತಾರೆ. ರಾಯರು ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುಂಕುಮ ಹಚ್ಚಿಕೊಂಡು ಬಂದರು. ಕತೆ ಹೇಳಿದೆ. "ಛೆ, ಪಾಪ" ಅಂದರು. ಗೋಡೆ ಮಾತ್ರ ಬ್ರಿಟಿಷರದ್ದೇ.

ಇನ್ನು "ಒಂದು ಕಲ್ಲು ಅಲ್ಲಾಡಿಲ್ಲ" ಅನ್ನುವ ಮಾತು. ಇದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಇದೇ ಘಟ್ಟದ ಮಾಹೂಕಿಮಲ್ಲಿ ಸೇತುವೆ, ಎಂಟು ಕಮಾನಿನದು, 1867ರ ಜುಲೈನಲ್ಲಿ ದಡಾರನೆ ಕುಸಿದು ಬಿತ್ತು. ಉದ್ಘಾಟನೆಯಾಗಿ ನಾಲ್ಕೇ ವರ್ಷಕ್ಕೆ! ಆಮೇಲೆ ತಪಾಸಣೆ ಮಾಡಿದರೆ ಆ ಕಂಪನಿಯ ಎಷ್ಟೋ ಸೇತುವೆಗಳ ಕಲ್ಲುಕಟ್ಟಡ ಕಳಪೆ ಅಂತ ಗೊತ್ತಾಗಿ ಮತ್ತೆ ಕಟ್ಟಬೇಕಾಯಿತು. ಬಿದ್ದದ್ದು ನಮಗೆ ಕಾಣುವುದಿಲ್ಲ, ಉಳಿದದ್ದು ಮಾತ್ರ ಕಾಣುತ್ತೆ. ಉಳಿದದ್ದನ್ನು ನೋಡಿ 'ಆಗ ಎಲ್ಲವೂ ಗಟ್ಟಿ' ಅನ್ನೋದು ಬದುಕಿದ ತೊಂಬತ್ತರ ಅಜ್ಜನನ್ನು ನೋಡಿ ಆ ಕಾಲದವರೆಲ್ಲ ತೊಂಬತ್ತು ಬದುಕುತ್ತಿದ್ದರು ಅಂದ ಹಾಗೆ. ಇದರಲ್ಲಿ ಇನ್ನೊಂದು ತಮಾಷೆ ನೋಡಿ. ಗಟ್ಟಿಯಾಗಿ ನಿಂತರೆ ಬ್ರಿಟಿಷರ ಬುದ್ಧಿ, ಬಿದ್ದರೆ ನಮ್ಮವರ ಸೋಮಾರಿತನ. ಕಲ್ಲು ಕೂಡಿಸಿದ ಕೈ ಎರಡಕ್ಕೂ ಒಂದೇ.

"ಬುದ್ಧಿ ಅವರದಲ್ಲವೇ? ನಕ್ಷೆ ಮಾಡಿದ್ದು ಯಾರು?" ಅಂತ ಕೇಳುತ್ತೀರಿ. ನಕ್ಷೆ ಅವರದು. ಹಣ ಲಂಡನ್ನಿನ ಷೇರುದಾರರದು, ಅದೂ ಪೂರ್ತಿ ಪುಕ್ಕಟೆ ಧೈರ್ಯವಲ್ಲ. ಕಂಪನಿಗೆ ಶೇಕಡಾ 5 ಬಡ್ಡಿಯ ಖಾತ್ರಿ ಇತ್ತು, ಲಾಭ ಬರದಿದ್ದರೆ ಸರಕಾರ ತುಂಬಿಕೊಡಬೇಕು. ಸರಕಾರ ತುಂಬೋದು ಎಲ್ಲಿಂದ? ಇಲ್ಲಿಯ ರೈತನ ಕಂದಾಯದಿಂದ. ನಕ್ಷೆ ಬರೆದವನಿಗೆ ಅವನ ಪಾಲಿನ ಹೊಗಳಿಕೆ ಕೊಡಿ, ನಾನು ಬೇಡ ಅನ್ನೋದಿಲ್ಲ. ಆದರೆ 'ಕಟ್ಟಿದ್ದು' ಅನ್ನುವ ಕ್ರಿಯಾಪದವನ್ನು ಅವನಿಗೆ ಕೊಡಬೇಡಿ. ನಮ್ಮ ಭಾಷೆಯಲ್ಲಿ 'ಕಟ್ಟಿದ', 'ಕಟ್ಟಿಸಿದ' ಅಂತ ಎರಡು ಬೇರೆ ಬೇರೆ ಮಾತಿವೆ. ಕೆರೆ ಕಟ್ಟಿಸಿದ ಅಂತಲೇ ನಮ್ಮ ಹಳೆ ಕಲ್ಲುಗಳ ಮೇಲೆ ಬರೆದಿರೋದು. ಆ ಒಂದು 'ಇಸು' ಯಾಕೆ ಸ್ವಾಮಿ ಮುಂಬೈಗೆ ಬಂದ ಮೇಲೆ ಬಿಟ್ಟುಬಿಟ್ಟೆವು?

ಇದಕ್ಕೆ ಉಲ್ಟಾ ಮಾತಾಡುವವರೂ ಇದ್ದಾರೆ. ಬ್ರಿಟಿಷರದಾ? ಗುಲಾಮಗಿರಿಯ ಗುರುತು, ಕೆಡವಿ! ಅನ್ನುವವರು. 2020ರ ಏಪ್ರಿಲ್ ನೆನಪಿದೆಯಾ? ಲಾಕ್‌ಡೌನ್, ಎಕ್ಸ್‌ಪ್ರೆಸ್‌ವೇ ಖಾಲಿ. ಆ ವಾರ ಲೋಣಾವಳಾ ಹತ್ತಿರದ ಅಮೃತಾಂಜನ್ ಸೇತುವೆಯನ್ನು ಮದ್ದಿಟ್ಟು ಉಡಾಯಿಸಿದರು. ಅಮೃತಾಂಜನದ ಜಾಹೀರಾತು ಹಲಗೆ ಇತ್ತು ಅಂತ ಅದಕ್ಕೆ ಆ ಹೆಸರು. 190 ವರ್ಷದ ಸೇತುವೆ ಅಂತ ಪತ್ರಿಕೆಗಳು ಬರೆದವು. ಅದರ ಕಂಬಗಳಿಂದ ಟ್ರಾಫಿಕ್ಕಿಗೆ ತೊಂದರೆ, ಅಪಘಾತ ಆಗುತ್ತಿದ್ದದ್ದು ನಿಜ. ಕೆಡವಿದ್ದು ತಪ್ಪು ಅಂತಲೂ ನಾನು ವಾದಿಸುವುದಿಲ್ಲ. ಆದರೆ ವಿಡಿಯೋ ಹಂಚಿಕೊಂಡವರ ಸಂಭ್ರಮ ನೋಡಬೇಕಿತ್ತು, ದೀಪಾವಳಿ! ಹೊಗಳುವವರಿಗೂ ಕೆಡವುವವರಿಗೂ ಆ ಕಲ್ಲು ಬ್ರಿಟಿಷರದೇ. ಹೊತ್ತವರ ನೆನಪು ಇಬ್ಬರಿಗೂ ಇಲ್ಲ.

ರಸ್ತೆ ಖಾಲಿ ಅಂದೆನಲ್ಲ, ಅದು ಕಾರುಗಳಿಲ್ಲದ ಖಾಲಿ. ಮುಂಬೈ ಬಿಟ್ಟು ಹೋಗುವ ಹೆದ್ದಾರಿಗಳ ಅಂಚಿನಲ್ಲಿ ಆಗ ನಡೆಯುತ್ತಿದ್ದವರು ಯಾರು ಅಂತ ನಾವೆಲ್ಲ ಟಿವಿಯಲ್ಲಿ ನೋಡಿದೆವು. ತಲೆ ಮೇಲೆ ಗಂಟು, ಕಂಕುಳಲ್ಲಿ ಮಗು. 1861ರ ಚಿತ್ರವೇ, ಬಣ್ಣದಲ್ಲಿ. ಮೇ 8ರಂದು ಔರಂಗಾಬಾದ್ ಹತ್ತಿರ ಹಳಿ ಮೇಲೆ ಮಲಗಿದ್ದ 16 ಜನರ ಮೇಲೆ ಗೂಡ್ಸ್ ಗಾಡಿ ಹಾಯಿತು, ಚಪಾತಿ ಹಳಿ ಮೇಲೆ ಚೆಲ್ಲಿದ್ದವು. ನಮ್ಮ ರಾಜ್ಯವೇನು ಕಡಿಮೆಯೇ? ಅದೇ ಮೇ ಮೊದಲ ವಾರ ಬೆಂಗಳೂರಿನಲ್ಲಿ ಬಿಲ್ಡರುಗಳ ಜೊತೆ ಸಭೆ ನಡೆಸಿದ ಬೆನ್ನಲ್ಲೇ ಕರ್ನಾಟಕ ಸರಕಾರ ಕೂಲಿಗಳ ರೈಲು ರದ್ದು ಮಾಡಿ ಅಂತ ರೈಲ್ವೆಗೆ ಬರೆಯಿತು. ದೇಶವೆಲ್ಲ ಉಗಿದ ಮೇಲೆ ಹಿಂತೆಗೆದುಕೊಂಡಿತು. ಮೇ 18ಕ್ಕೆ ಮಹಾರಾಷ್ಟ್ರದಿಂದ ಬರುವವರಿಗೆ ಬಾಗಿಲು ಹಾಕಿತು. ಊರಿಗೆ ಹೊರಟ ನಮ್ಮ ಯಾದಗಿರಿ, ಕಲಬುರಗಿ ಮಂದಿಗೆ ಹಿಂದೆ ಮುಂಬೈ, ಮುಂದೆ ಮುಚ್ಚಿದ ಗಡಿ. ಅದೇ ವರ್ಷ ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ ಕೇಳಿದರು, ಲಾಕ್‌ಡೌನಿನಲ್ಲಿ ಊರಿಗೆ ಹೋಗುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಅಂತ. ಕಾರ್ಮಿಕ ಸಚಿವಾಲಯದ ಲಿಖಿತ ಉತ್ತರ: ಅಂಥ ಮಾಹಿತಿ ಇಟ್ಟಿಲ್ಲ.

ಈಗ ಹೇಳಿ, ಬ್ರಿಟಿಷರು ಎಣಿಸಲಿಲ್ಲ ಅಂತ ಬಯ್ಯಲು ನಮಗೆ ಮುಖ ಇದೆಯೇ?

ನನಗಂತೂ ಇಲ್ಲ. ಹೇಳಿಬಿಡುತ್ತೇನೆ. 2011ರಲ್ಲಿ ನಾನು ನಮ್ಮ ಸೊಸೈಟಿಯ ಸೆಕ್ರೆಟರಿ. ಕಟ್ಟಡದ ಹೊರಗೋಡೆ ರಿಪೇರಿ ನಡೆದಿತ್ತು, ಬಿದಿರಿನ ಪರಾಂಚಿ ಕಟ್ಟಿದ್ದರು (ನಮ್ಮ ಕಡೆ ಸಾರವೆ ಅಂತೀವಲ್ಲ, ಅದು). ನಾಲ್ಕನೇ ಮಹಡಿಯಿಂದ ಒಬ್ಬ ಹುಡುಗ ಬಿದ್ದ. ಆಸ್ಪತ್ರೆಗೆ ಒಯ್ದರು, ಎರಡನೇ ದಿನ ಹೋದ. ಗುತ್ತಿಗೆದಾರ ಬಂದು "ಎಲ್ಲ ಸೆಟಲ್ ಮಾಡಿದ್ದೀನಿ ಸರ್, ಊರಿಂದ ಅಣ್ಣ ಬಂದಿದ್ದ" ಅಂದ. ಹೆಸರೇನು ಅಂದೆ. ಮುಕಾದಮನ ಮುಖ ನೋಡಿದ. ಮುಕಾದಮ "ಸಬ್ ಉಸ್ಕೋ ಕಾನಡಿ ಬೋಲ್ತೇ ಥೇ" ಅಂದ. ಕಾನಡಿ! ಅಂದರೆ ಕನ್ನಡದವನು. ಎರಡು ತಿಂಗಳು ನನ್ನ ಕಿಟಕಿಯ ಹೊರಗೆ ನಿಂತು ಕೆಲಸ ಮಾಡಿದ್ದ. ನಾನು ಒಳಗೆ ಕನ್ನಡ ಹಾಡು ಹಾಕಿಕೊಂಡು ಚಹಾ ಕುಡಿಯುತ್ತಿದ್ದೆ. ಒಂದು ದಿನವೂ "ಯಾವೂರಪ್ಪ" ಅಂತ ಕೇಳಿರಲಿಲ್ಲ. ಆ ತಿಂಗಳ ಸಭೆಯ ನಡಾವಳಿಯಲ್ಲಿ ನನ್ನ ಕೈಯಾರೆ ಬರೆದದ್ದು ಹೀಗೆ: ಗುತ್ತಿಗೆದಾರರ ಒಬ್ಬ ಲೇಬರ್ ಅಪಘಾತದಲ್ಲಿ ಮೃತಪಟ್ಟ, ಸೊಸೈಟಿಗೆ ಹೊಣೆ ಇಲ್ಲ. ಮುಂದಿನ ಸಾಲು ನೀರಿನ ಟ್ಯಾಂಕ್ ತೊಳೆಯುವ ವಿಷಯ. ಆ ಪುಸ್ತಕ ಈಗಲೂ ಆಫೀಸಿನ ಕಪಾಟಿನಲ್ಲಿದೆ.

ಹಾಗಾಗಿ ಗೋಡೆ ಮುಂದೆ ತಲೆಯಾಡಿಸಿದ್ದಕ್ಕೆ ನಾಚಿಕೆಯಾಗಿ ಬರೆಯುತ್ತಿದ್ದೇನೆಯೇ ಹೊರತು ರಾಯರನ್ನು ಬಯ್ಯಲಿಕ್ಕಲ್ಲ.

ಸಂಜೆ ಖೋಪೋಲಿ ಹತ್ತಿರ ಬಂದಾಗ ರಸ್ತೆ ಬದಿಗೆ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಮುಂದೆ ಹಲಗೆ: ಬಿಲ್ಡರ್, ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಕನ್ಸಲ್ಟೆಂಟ್, ಸಾಲ ಕೊಟ್ಟ ಬ್ಯಾಂಕು. ಹಿಂದೆ ನೀಲಿ ತಾಡಪಾಲಿನ ನಾಲ್ಕು ಗುಡಿಸಲು. ಒಲೆ ಮುಂದೆ ಕೂತ ಹೆಂಗಸು ಮಗುವಿಗೆ "ಏ ಬ್ಯಾಡ, ಕೈ ಸುಡ್ತದ" ಅಂದದ್ದು ಕಿವಿಗೆ ಬಿತ್ತು. ಕಾಲು ತಾನಾಗಿ ನಿಂತಿತು.

"ಯಾವೂರವ್ವ?"

ತಲೆ ಮೇಲೆ ಸೆರಗೆಳೆದುಕೊಂಡು ನೋಡಿದಳು. "ಸುರಪುರ ಕಡೀದವ್ರು ರೀ. ನಿಮ್ದು?"

"ಶಹಾಬಾದ್."

"ಅಯ್ಯ, ನಮ್ಮ ಕಡೀದವ್ರೇ ಅದೀರಲ್ಲ! ಕುಂದ್ರ್ರಿ, ಚಾ ಮಾಡ್ತೀನಿ."

ಗಂಡ, ಮೈದುನ, ನೆಗೆಣ್ಣಿ ಬಂದರು. ದೀಪಾವಳಿ ತನಕ ಇಲ್ಲಿ, ಆಮೇಲೆ ಪುಣೆ ಕಡೆ ಅಂದರು. ಇಂಥವರಿಗಾಗಿಯೇ 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು, ಕಟ್ಟಡದ ಖರ್ಚಿನ ಮೇಲೆ ಶೇಕಡಾ 1ರ ಸೆಸ್ ಹಾಕಿದರು, ಕಲ್ಯಾಣ ಮಂಡಳಿಗಳಲ್ಲಿ ಕೋಟಿಗಟ್ಟಲೆ ಕೂಡಿತು. ಆದರೆ ಹೆಸರು ನೋಂದಣಿ ಆದವರಿಗೆ ಮಾತ್ರ ಅದರ ಪಾಲು. "ನಿಮ್ಮ ಹೆಸರು ಬರ್ಸೀರೇನು?" ಅಂತ ಕೇಳಿದೆ. "ಮುಕಾದಮ ಏನೋ ಬರಕೊಂಡಾನ್ರೀ. ಆಧಾರ್ ಕಾರ್ಡು ಅವನ ಹಂತ್ಯಾಕೇ ಅದಾವ" ಅಂದ ಗಂಡ. ಆ "ಏನೋ" ಅಂದದ್ದು ನೋಡಿ.

ನನ್ನ ಕಿಸೆಯಲ್ಲಿ ಬೆಳಗಿನ ಟಿಕೇಟಿತ್ತು. ಅದರ ಹಿಂದೆ ನಾಲ್ಕೂ ಜನರ ಹೆಸರು, ಊರು, ಊರಲ್ಲಿರುವವರ ಒಂದು ಫೋನ್ ನಂಬರು ಬರೆದುಕೊಂಡೆ. ಇಲ್ಲಿ ಹಾಕುವುದಿಲ್ಲ, ಅವರ ಒಪ್ಪಿಗೆ ಕೇಳಿಲ್ಲ. "ಯಾಕ್ರೀ ಬರಕೋತೀರಿ?" ಅಂದಳು ಆಕೆ. ಉತ್ತರ ಬಾಯಿಗೆ ಬರಲಿಲ್ಲ. ನೋಂದಣಿಯ ವಿಷಯ ವಿಚಾರಿಸಿ ಫೋನ್ ಮಾಡ್ತೀನಿ ಅಂದೆ. ಮಾಡಿದೆ. ಇಬ್ಬರ ಅರ್ಜಿ ಹೋಗಿದೆ, ಇನ್ನಿಬ್ಬರದು ತೊಂಬತ್ತು ದಿನ ಕೆಲಸ ಮಾಡಿದ ಸರ್ಟಿಫಿಕೇಟಿಗಾಗಿ ಮುಕಾದಮನ ಬಾಗಿಲಲ್ಲಿ ನಿಂತಿದೆ.

ರೈಲ್ವೆಯವರಿಗೂ ಒಂದು ಕಾಗದ ಬರೆದಿದ್ದೇನೆ, ಮರಾಠಿಯಲ್ಲಿ. ಖಂಡಾಲಾ ಸ್ಟೇಷನ್ನಿನಲ್ಲಿ ಒಂದು ಕಲ್ಲು ನಿಲ್ಲಿಸಿ, ಈ ಘಟ್ಟದಲ್ಲಿ ದುಡಿದು ಸತ್ತವರಿಗೆ ಅಂತ. ಹೆಸರಿಲ್ಲದವರಿಗೆ ಏನಂತ ಕಲ್ಲು ಅಂದಾರು. ಕೊಂಕಣ ರೈಲ್ವೆಯವರು ರತ್ನಾಗಿರಿಯಲ್ಲಿ ಶ್ರಮಶಕ್ತಿ ಸ್ಮಾರಕ ಮಾಡಿದ್ದಾರೆ, ಆ ಹಳಿ ಹಾಕುವಾಗ ಪ್ರಾಣ ಬಿಟ್ಟವರಿಗಾಗಿ. ಅಂದರೆ ಮನಸ್ಸಿದ್ದರೆ ಆಗುತ್ತೆ. ಖಂಡಾಲಾದ ಕಲ್ಲಿನ ಮೇಲೆ ಹೆಸರು ಸಾಧ್ಯವಿಲ್ಲದಿದ್ದರೆ ಬರೀ 42,000 ಅಂತ ಬರೆಯಲಿ. ಗುಲ್ಬರ್ಗಾ, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿದ ಹಳಿ ಇದೇ ಕಂಪನಿಯದು, ಈ ಘಟ್ಟ ದಾಟಿದ್ದರಿಂದಲೇ ಅಲ್ಲಿಗೆ ಬಂದದ್ದು. ಅದರ ಮೇಲೆ ಕೂತು ಹೊಟ್ಟೆಪಾಡಿಗೆ ಬಂದ ನಾವು ಕಲ್ಲಿನ ಖರ್ಚಿಗೆ ತಲೆಗೆ ನೂರು ರೂಪಾಯಿ ಹಾಕಲಾರೆವೇ? ಬೇಕಾದ ಕಲ್ಲು ಶಹಾಬಾದಿನಿಂದ ತರಿಸುವ ಜವಾಬ್ದಾರಿ ನನ್ನದು.

ಸೊಸೈಟಿಯಲ್ಲಿ ಈ ವರ್ಷ ಮತ್ತೆ ಹೊರಗೋಡೆ ರಿಪೇರಿ. ಮೊನ್ನೆಯ ಸಭೆಯಲ್ಲಿ ಒಂದು ಠರಾವು ಇಟ್ಟೆ. ಕೆಲಸಕ್ಕೆ ಬರುವ ಪ್ರತಿಯೊಬ್ಬರ ಪೂರ್ತಿ ಹೆಸರು, ಊರು, ತಾಲೂಕು, ಮನೆಯವರ ಫೋನು, ವಿಮೆಯ ನಂಬರು ನಮ್ಮ ರಿಜಿಸ್ಟರಿನಲ್ಲಿ ಇರಬೇಕು, ಇಲ್ಲದಿದ್ದರೆ ಗುತ್ತಿಗೆದಾರನ ಬಿಲ್ ಪಾಸ್ ಆಗಕೂಡದು ಅಂತ. ದೊಡ್ಡ ಗದ್ದಲವಾಯಿತು. "ಅವರ ಆಧಾರ್ ಜೆರಾಕ್ಸ್ ವಾಚ್‌ಮನ್ ಹತ್ತಿರ ಇದೆಯಲ್ಲ, ಸಾಕು" ಅಂದರು ಒಬ್ಬರು. ಅದು ಯಾಕೆ ಇಟ್ಟಿರೋದು ಅಂತ ಕೇಳಿದೆ. ಕಳ್ಳತನ ಆದರೆ ಹಿಡಿಯೋಕೆ ಅಂದರು. ಅಂದರೆ ನಮ್ಮ ಮೊಬೈಲ್ ಕಳೆದರೆ ಅವರಿಗೆ ಹೆಸರಿದೆ, ಅವರೇ ಬಿದ್ದರೆ ಇಲ್ಲ. ಹೀಗೆ ಅಂದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕೈ ಎತ್ತಿಸಿದರು. ಹನ್ನೊಂದು ಪರ, ಎಂಟು ವಿರುದ್ಧ.

ಹನ್ನೊಂದರಲ್ಲಿ ರಾಯರೂ ಇದ್ದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಒಳ್ಳೆ ಕೆಲಸ ಮಾಡಿದ್ರಿ ಸ್ವಾಮಿ. ಬ್ರಿಟಿಷರ ಕಾಲದಲ್ಲಾಗಿದ್ರೆ ಇಂಥ ರಿಜಿಸ್ಟರು ಪಕ್ಕಾ ಇರ್ತಿತ್ತು ನೋಡಿ."